ಹನ್ನೊಂದು ಜನರ ದೋಣಿ

"ನಿಮ್ಮ ಹೆಸರೂ ಇದೆ ಠಪ್ಪಣ್ಣ. ಹನ್ನೆರಡನೇದು. ಕೊನೇದು ಅಂದ್ರೆ ಏನರ್ಥ ಅಂತ ನಾನು ಬಾಯಿಬಿಟ್ಟು ಹೇಳಲ್ಲಪ್ಪ."

ಹೇಳುವುದಿಲ್ಲ ಎಂದವಳು ಟಪಾಲು ಕಿಟಕಿಯೊಳಗೆ ಅರ್ಧ ತಲೆ ತೂರಿಸಿ ಎಲ್ಲವನ್ನೂ ಹೇಳಿಬಿಟ್ಟಳು. ಅವಳು ಕಾಲೇಜಿನ ಟೈಪಿಸ್ಟ್. ಪ್ರಿನ್ಸಿಪಾಲರಿಂದ ಹಿಡಿದು ಮಾಲಿಯವರೆಗೆ ಎಲ್ಲರಿಗೂ ಅಕ್ಕ. ಹೋದ ವಾರ ಆಡಳಿತ ಮಂಡಳಿಯಿಂದ 'ಗೋಪ್ಯ' ಎಂದು ಬರೆದ ಲಕೋಟೆಯೊಂದು ಬಂದಿತ್ತು. ಅಕ್ಕ ಅದನ್ನು ಬಿಸಿಲಿಗೆ ಹಿಡಿದು ಒಳಗಿನ ಎರಡು ಸಾಲು ಓದಿದ್ದಳು. ಸಿಬ್ಬಂದಿಯಲ್ಲಿ ಒಬ್ಬರನ್ನು ಕಡಿಮೆ ಮಾಡತಕ್ಕದ್ದು. ಯಾರನ್ನು ಎಂದು ಬರೆದಿರಲಿಲ್ಲ. ಅದರ ಬೆನ್ನಿಗೇ ಈಗ ನೋಟೀಸ್ ಬೋರ್ಡಿನಲ್ಲಿ 'ಬೋಧಕ ಹಾಗೂ ಬೋಧಕೇತರ ಸಿಬ್ಬಂದಿಗೆ ಒಂದು ದಿನದ ನಾಯಕತ್ವ ತರಬೇತಿ' ಎಂಬ ಪಟ್ಟಿ.

"ತರಬೇತಿ ಅಂತೆ ತರಬೇತಿ! ಹನ್ನೆರಡು ಜನರನ್ನ ಕೂರಿಸಿ, ಯಾರಲ್ಲಿ ನಾಯಕತ್ವ ಇಲ್ಲ ಅಂತ ನೋಡೋದು. ಇಲ್ಲದವರಿಗೆ ಕೈ ಮುಗಿಯೋದು. ಇಷ್ಟೂ ಗೊತ್ತಾಗಲ್ವಾ ನಿಮಗೆ?"

"ನಿನ್ನ ಹೆಸರು ಎಷ್ಟನೇದಕ್ಕ?"

"ಹನ್ನೊಂದನೇದು," ಎಂದು ಅಕ್ಕ ತಲೆ ಹೊರಗೆಳೆದುಕೊಂಡಳು. "ಅದಕ್ಕೇ ನಿಮ್ಮನ್ನ ನೋಡಿದ್ರೆ ಸ್ವಲ್ಪ ಸಮಾಧಾನ ಆಗುತ್ತೆ."

ಠಪ್ಪಣ್ಣ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ, ಮೊಹರು ಇಟ್ಟ ಹೆಸರು. ಆ ಕಾಲೇಜಿಗೆ ಬರುವ ಕಾಗದಕ್ಕೂ ಹೋಗುವ ಕಾಗದಕ್ಕೂ ಒಂದೇ ರಿಜಿಸ್ಟರು, ಒಂದೇ ಮೊಹರು, ಒಬ್ಬನೇ ಗುಮಾಸ್ತ. ಒಮ್ಮೆ ಒತ್ತಿದರೆ ಮೊಹರಿನ ಅಂಕೆ ತಾನೇ ಮುಂದಕ್ಕೆ ಹೊರಳುತ್ತಿತ್ತು. ಹಿಂದಕ್ಕೆ ಹೊರಳಿಸುವ ವಿದ್ಯೆ ಅದನ್ನು ಮಾಡಿದವನಿಗೂ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಠಪ್ಪಣ್ಣನ ಕ್ರಮ ಒಂದೇ. ಬಂದ ಕಾಗದಗಳನ್ನು ಟ್ರೇಯಲ್ಲಿ ಒಂದರ ಮೇಲೊಂದು ಹಾಕುವುದು. ಮೊದಲು ಬಂದದ್ದು ತಳದಲ್ಲಿರುತ್ತದಲ್ಲ, ಅದಕ್ಕೆ ಅನ್ಯಾಯವಾಗಬಾರದೆಂದು ಇಡೀ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮಲಗಿದ ಮಗುವನ್ನು ಮಗ್ಗುಲು ತಿರುಗಿಸಿದಷ್ಟು ಮೃದುವಾಗಿ ಮಗುಚುವುದು. ಮುಖದ ಮೇಲೆ ಒತ್ತಿದರೆ ಅಕ್ಷರ ಅಳಿಸೀತೆಂದು ಬೆನ್ನ ಮೇಲೆ ಒತ್ತುವುದು. ಠಪ್. ಆಮೇಲೆ ಮುಂದಿನದು. ಹೀಗಾಗಿ ಕಾಲೇಜಿನ ಅಷ್ಟೂ ಕಾಗದ ಅವನ ಕೈ ದಾಟಿ ಹೋಗಿದ್ದರೂ ಒಂದರ ಮುಖವನ್ನೂ ಅವನು ಸರಿಯಾಗಿ ನೋಡಿದವನಲ್ಲ.

ಕಿಟಕಿಯ ಪಕ್ಕದಲ್ಲಿ ಅವನೇ ದುಂಡಗೆ ಬರೆದ ಹಲಗೆಯೊಂದು ತೂಗುತ್ತಿತ್ತು: 'ಹೊರಗಿನವರ ಅರ್ಜಿಗಳನ್ನು ನಾಲ್ಕು ಗಂಟೆಯವರೆಗೆ ಮಾತ್ರ ಸ್ವೀಕರಿಸಲಾಗುವುದು.' ನಾಲ್ಕು ಗಂಟೆ ಒಂದು ನಿಮಿಷಕ್ಕೆ ಬಂದವರು ಅತ್ತದ್ದುಂಟು, ಬೈದದ್ದುಂಟು. ಠಪ್ಪಣ್ಣ ಹಲಗೆಯತ್ತ ಬೆರಳು ತೋರಿಸಿ ಸುಮ್ಮನಾಗುತ್ತಿದ್ದ.

ಕೆಲಸ ಹೋದರೆ ಕಾಲೇಜಿನ ಹಿಂದಿರುವ ಎರಡು ಕೋಣೆಯ ಕ್ವಾರ್ಟರ್ಸು ಹೋಗುತ್ತದೆ. ಸಿಬ್ಬಂದಿ ಮಕ್ಕಳ ಕೋಟಾದಲ್ಲಿ ಇದೇ ಕಾಲೇಜಿನಲ್ಲಿ ಓದುತ್ತಿರುವ ಮಗಳ ಸೀಟು ಹೋಗುತ್ತದೆ. ಐವತ್ತರ ಗಡಿ ದಾಟಿದ, ಮೊಹರು ಒತ್ತುವುದೊಂದೇ ಬಲ್ಲವನನ್ನು ಇನ್ಯಾರು ಕರೆದು ಕೂರಿಸುತ್ತಾರೆ? ಇದನ್ನೆಲ್ಲ ಅವನು ಹಿತ್ತಿಲ ಗೋಡೆಯ ಬಳಿ ಹೆಂಡತಿಗೆ ಹೇಳಿದಾಗ ಅವಳು ಒಗೆದ ಲಂಗವನ್ನು ಹಿಂಡುತ್ತಲೇ ಉಪದೇಶ ಕೊಟ್ಟಳು.

"ನೋಡ್ರಿ, ನೀವು ಮೂಲೇಲಿ ನಿಲ್ಲೋ ಜನ. ಇವತ್ತೊಂದು ದಿನ ಮುಂದೆ ನಿಂತ್ಕೊಳ್ಳಿ. ಅವರು ಯಾರು ಅಂತ ಕೇಳೋದೇ ತಡ, ನಾನು ಅನ್ನಿ. ಏನು ಎತ್ತ ಕೇಳ್ಬೇಡಿ. ಮೊದ್ಲು ನಾನು ಅನ್ನಿ."

"ಕೆಲಸ ಏನು ಅಂತ ಗೊತ್ತಿಲ್ದೆ?"

"ಇಪ್ಪತ್ತೆರಡು ವರ್ಷ ಕಾಗದ ಏನು ಅಂತ ಗೊತ್ತಿಲ್ದೆ ಮೊಹರು ಒತ್ತಿಲ್ವಾ?"

ಅವನು ಅಂಗಿಯ ಗುಂಡಿ ಹಾಕಿಕೊಂಡು ತರಬೇತಿಗೆ ಹೊರಟ.

ಸಭಾಂಗಣದಲ್ಲಿ ಹನ್ನೆರಡು ಕುರ್ಚಿಗಳನ್ನು ದುಂಡಗೆ ಇಟ್ಟಿದ್ದರು. ತರಬೇತುದಾರ ಮೂವತ್ತರ ಯುವಕ. ಕುತ್ತಿಗೆಗೆ ಸೀಟಿ, ಮುಖದಲ್ಲಿ ಹೊಸ ಬಲ್ಬಿನ ಬೆಳಕು. ಮೊದಲಿಗೆ ಎಲ್ಲರೂ ತಮ್ಮನ್ನು ಒಂದು ಪ್ರಾಣಿಗೆ ಹೋಲಿಸಿಕೊಳ್ಳಬೇಕು ಎಂದ. ಆರು ಜನ ಸಿಂಹವಾದರು. ಇಬ್ಬರು ಹುಲಿಯಾದರು. ಭೌತಶಾಸ್ತ್ರದ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಹದ್ದಿಗೂ ಆನೆಗೂ ನಡುವಿನದೊಂದು ಪ್ರಾಣಿ ಇದ್ದಿದ್ದರೆ ಅದು ತಾನು ಎಂದರು. ಠಪ್ಪಣ್ಣನ ಸರದಿ ಬಂದಾಗ ಕಾಡೆಲ್ಲ ಖಾಲಿಯಾಗಿತ್ತು.

"ಹಲ್ಲಿ," ಎಂದ.

"ಹಲ್ಲಿ?"

"ಆಫೀಸಿನ ಗೋಡೆ ಬಿಟ್ಟು ಹೋಗಲ್ಲ ಸಾರ್. ಯಾರು ಓಡಿಸಿದ್ರೂ."

ಸಿಂಹಗಳೆಲ್ಲ ನಕ್ಕವು. ಅಕ್ಕ ಅವನ ಕಿವಿಯಲ್ಲಿ, "ಮುಗೀತು ನಿಮ್ಮ ಕತೆ" ಎಂದಳು. ಠಪ್ಪಣ್ಣನಿಗೆ ಹೆಂಡತಿಯ ಮಾತು ನೆನಪಾಯಿತು. ಇನ್ನು ಮೂಲೆಯಲ್ಲಿ ನಿಂತರೆ ಕೆಟ್ಟೆ ಎಂದುಕೊಂಡು ಕುರ್ಚಿಯನ್ನು ಒಂದಡಿ ಮುಂದಕ್ಕೆ ಎಳೆದುಕೊಂಡ.

"ಈಗ ಒಬ್ಬರು ಬೇಕು..." ಎಂದ ತರಬೇತುದಾರ.

"ನಾನು!"

ಅದು ನಂಬಿಕೆಯ ಆಟವಂತೆ. ಕಣ್ಣು ಮುಚ್ಚಿ ಮರ ಬಿದ್ದಂತೆ ಹಿಂದಕ್ಕೆ ಬೀಳಬೇಕು, ಹಿಂದಿದ್ದವರು ಹಿಡಿಯಬೇಕು. ಹಿಂದೆ ನಿಂತವರು ಭೌತಶಾಸ್ತ್ರದ ಮೇಷ್ಟ್ರು. ಬೀಳುವ ದೇಹದ ವೇಗವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ಅವರು ಕೈ ಚಾಚುವ ಹೊತ್ತಿಗೆ ಠಪ್ಪಣ್ಣ ನೆಲ ತಲುಪಿ ಆಗಿತ್ತು.

"ಇನ್ನೂ ಅರ್ಧ ಸೆಕೆಂಡು ಇರಬೇಕಿತ್ತು," ಎಂದು ಮೇಷ್ಟ್ರು ಬಿದ್ದವನನ್ನೇ ಆಕ್ಷೇಪಿಸಿದರು.

ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳುವವರು ಯಾರು? ನಾನು. ಹನ್ನೊಂದು ಜನ ಹನ್ನೊಂದು ದಿಕ್ಕಿಗೆ ಕೂಗಿ ದಾರಿ ಹೇಳಿದರು. ಠಪ್ಪಣ್ಣ ಎಲ್ಲರ ಮಾತಿಗೂ ಮರ್ಯಾದೆ ಕೊಡಲು ಹೋಗಿ ಚಹದ ಫ್ಲಾಸ್ಕಿನ ಮೇಲೆ ಬಿದ್ದ. ಬಲೂನು ಊದುವವರು ಯಾರು? ನಾನು. ಇಪ್ಪತ್ತನೆಯ ಬಲೂನಿಗೆ ಅವನ ಕಣ್ಣು ಕತ್ತಲಿಟ್ಟು ಬಲೂನು ಹಿಗ್ಗುತ್ತಿದೆಯೋ ತಾನು ಕುಗ್ಗುತ್ತಿದ್ದೇನೆಯೋ ತಿಳಿಯದಂತಾಯಿತು. ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿದಿತ್ತು, ಅಂಗಿಯ ಮೇಲೆ ಚಹದ ಭೂಪಟ ಮೂಡಿತ್ತು, ಎಡಗಿವಿ ಗುಂಯ್ ಎನ್ನುತ್ತಿತ್ತು. ಆದರೂ ತರಬೇತುದಾರ ತನ್ನ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡದ್ದನ್ನು ಅವನು ಓರೆಗಣ್ಣಿನಲ್ಲಿ ಕಂಡ.

ಊಟವಾದ ಮೇಲೆ ಬಂದದ್ದು ದೋಣಿ.

ತರಬೇತುದಾರ ಸೀಮೆಸುಣ್ಣದಿಂದ ನೆಲದ ಮೇಲೆ ಉದ್ದನೆಯ ದೋಣಿ ಬರೆದು ಹನ್ನೆರಡೂ ಜನರನ್ನು ಅದರೊಳಗೆ ನಿಲ್ಲಿಸಿದ. "ಹಡಗು ಮುಳುಗಿದೆ. ಇದು ಹನ್ನೊಂದು ಜನರ ದೋಣಿ. ಹನ್ನೆರಡನೆಯವರು ಇದ್ದರೆ ಎಲ್ಲರೂ ಮುಳುಗುತ್ತೀರಿ. ಯಾರು ಇಳಿಯಬೇಕು? ಅರ್ಧ ಗಂಟೆ ಸಮಯ," ಎಂದು ಸೀಟಿ ಊದಿ ಕಿಟಕಿಯ ಬಳಿ ಹೋಗಿ ಕೂತ.

ಯಾರೂ ನಗಲಿಲ್ಲ. ಹನ್ನೆರಡರಲ್ಲಿ ಒಬ್ಬರು. ಬಿಸಿಲಿಗೆ ಹಿಡಿದು ಓದಿದ ಎರಡು ಸಾಲು ಅಷ್ಟರಲ್ಲಿ ಎಲ್ಲರ ಕಿವಿಗೂ ಬಿದ್ದಿತ್ತು. ಬೆಳಗಿನ ಸಿಂಹಗಳು ಒಂದನ್ನೊಂದು ಒತ್ತಿಕೊಂಡು ದೋಣಿಯ ನಡುಭಾಗಕ್ಕೆ ಸರಿದವು.

"ನಾನಿಲ್ಲದಿದ್ರೆ ಪ್ರಯೋಗಾಲಯಕ್ಕೆ ಬೀಗ," ಎಂದರು ಭೌತಶಾಸ್ತ್ರದ ಮೇಷ್ಟ್ರು.

"ನಾನಿಲ್ಲದಿದ್ರೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಯಾರು ಟೈಪ್ ಮಾಡ್ತಾರೆ? ನಿಮ್ಮ ಅಕ್ಷರ ನಿಮಗೇ ಓದೋಕೆ ಬರಲ್ಲ," ಎಂದಳು ಅಕ್ಕ.

ಒಬ್ಬೊಬ್ಬರೂ ತಾವಿಲ್ಲದ ಕಾಲೇಜು ಹೇಗೆ ಕುಸಿಯುತ್ತದೆಂದು ವರ್ಣಿಸಿದರು. ಕೇಳಿದವರಿಗೆ ಆ ಕಟ್ಟಡ ಇಷ್ಟು ದಿನ ನಿಂತದ್ದೇ ಹೆಚ್ಚು ಅನ್ನಿಸಬೇಕು. ಹೀಗೆ ಸುತ್ತಿ ಸುತ್ತಿ ಬಂದ ಮಾತು ದೋಣಿಯ ತುದಿಯಲ್ಲಿ ನಿಂತಿದ್ದ ಆಯಮ್ಮನ ಬಳಿ ನಿಂತಿತು.

ಆಯಮ್ಮ ಕಸ ಗುಡಿಸಿ ನೆಲ ಒರೆಸುವವಳು. ನಿವೃತ್ತಿಗೆ ಎರಡು ವರ್ಷ ಬಾಕಿ. ಗಂಡ ಹಾಸಿಗೆ ಹಿಡಿದು ಆರು ವರ್ಷ. ಅವಳ ಪರವಾಗಿ ಮಾತನಾಡಲು ಯಾರಿಗೂ ಏನೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

"ಆಯಮ್ಮ, ವಯಸ್ಸಾಯ್ತಲ್ಲ ನಿಮಗೆ..." ಎಂದು ಮೇಷ್ಟ್ರು ಬಹಳ ಗೌರವದಿಂದ ಶುರುಮಾಡಿದರು.

"ಇಳೀಬೇಕಾ? ಇಳೀತೀನಿ ಬಿಡಿ ಸಾಮಿ," ಎಂದಳು ಆಯಮ್ಮ. "ಚಿಕ್ಕವಳಿದ್ದಾಗ ಕೆರೇಲಿ ಈಜ್ತಿದ್ದೆ. ಎಷ್ಟು ದೂರ ಹೋಗ್ತೀನೋ ಹೋಗ್ತೀನಿ."

ಅವಳು ಸೀರೆಯ ನೆರಿಗೆ ಎತ್ತಿಕೊಂಡು ನಿಜವಾಗಿಯೂ ನೀರಿಗೆ ಕಾಲಿಡುವವಳಂತೆ ಒಂದು ಕಾಲು ಮುಂದಿಟ್ಟಳು. ಠಪ್ಪಣ್ಣ ಆ ಕಾಲನ್ನು ನೋಡಿದ. ಹಿಮ್ಮಡಿ ಬಿರುಕು ಬಿಟ್ಟಿತ್ತು. ಬೆಳಿಗ್ಗೆ ಈ ನೆಲ ಒರೆಸಿದವಳು ಅವಳು. ಸಂಜೆ ಈ ಸೀಮೆಸುಣ್ಣದ ದೋಣಿಯನ್ನು ಒರೆಸಬೇಕಾದವಳೂ ಅವಳೇ.

"ಹಾಗಾದರೆ ಇಳಿಯುವವರು ಯಾರು ಅಂತ ತೀರ್ಮಾನವಾಯಿತು?" ಎಂದು ತರಬೇತುದಾರ ಕಿಟಕಿಯಿಂದ ಕೂಗಿದ.

"ನಾನು," ಎಂದ ಠಪ್ಪಣ್ಣ.

ಬೆಳಗಿನಿಂದ ಹತ್ತು ಸಲ ಆಡಿದ ಮಾತೇ ಅದು. ಆದರೆ ಈ ಸಲ ಹೆಂಡತಿಯ ಉಪದೇಶ ನೆನಪಿರಲಿಲ್ಲ. ಹೇಳಿ ಮುಗಿಸಿ ಕೆಳಗೆ ನೋಡಿದರೆ ತನ್ನ ಎರಡೂ ಪಾದಗಳು ಗೆರೆಯ ಹೊರಗಿದ್ದವು. ಅಯ್ಯೋ, ಮನೆ ಹೋಯಿತು ಎಂದುಕೊಂಡ.

ತರಬೇತುದಾರ ಓಡಿಬಂದು ಅವನ ಕೈ ಹಿಡಿದು ಕುಲುಕಿದ. "ಇದು! ಇದು ನಾಯಕತ್ವ! ಎಂಬತ್ತು ಕಾಲೇಜುಗಳಲ್ಲಿ ಈ ಆಟ ಆಡಿಸಿದೀನಿ. ತಾನಾಗಿ ಇಳಿದವರನ್ನ ಇವತ್ತೇ ನೋಡಿದ್ದು."

"ಆಟವಾ?" ಎಂದಳು ಅಕ್ಕ.

"ಆಟ ಅಲ್ದೆ ಮತ್ತೇನು?"

"ಕೆಲಸದಿಂದ ತೆಗೆಯೋದು...?"

"ಯಾರ ಕೆಲಸ? ನಾನು ಆಟ ಆಡಿಸೋನಮ್ಮ. ನನ್ನ ಕೆಲಸವೇ ಈ ತಿಂಗಳು ಇದ್ರೆ ಮುಂದಿನ ತಿಂಗಳು ಇಲ್ಲ."

ಆಗ ಎದ್ದ ಗದ್ದಲ ಕೇಳಬೇಕು! ಹನ್ನೊಂದು ಜನರ ಎದೆಯ ಮೇಲಿಂದ ಒಂದೇ ಚಪ್ಪಡಿ ಜಾರಿತ್ತು. ಮೇಷ್ಟ್ರು ಠಪ್ಪಣ್ಣನನ್ನು ತಬ್ಬಿಕೊಂಡರು, ಈ ಸಲ ಸರಿಯಾದ ಹೊತ್ತಿಗೆ. "ನಿಮಗೋಸ್ಕರ ನಾವೇನು ಬೇಕಾದ್ರೂ ಮಾಡ್ತೀವಿ ಠಪ್ಪಣ್ಣ," ಎಂದರು ಎಲ್ಲರೂ. ತರಬೇತುದಾರ 'ಸಾಮೂಹಿಕ ನಿರ್ಣಯ ಪತ್ರ' ಎಂಬ ಅಚ್ಚಾದ ಹಾಳೆಯೊಂದನ್ನು ತುಂಬಿ, ಎಲ್ಲರ ಕೈಲೂ ಸಹಿ ಹಾಕಿಸಿ, ಠಪ್ಪಣ್ಣನ ಕೈಗೇ ಕೊಟ್ಟು, ಮೂರೂವರೆಯ ಬಸ್ಸು ಹಿಡಿದು ಮತ್ತೊಂದು ಕಾಲೇಜಿನ ದೋಣಿ ತೇಲಿಸಲು ಹೊರಟುಹೋದ.

ಠಪ್ಪಣ್ಣ ತೇಲುತ್ತ ಟಪಾಲು ಕೋಣೆಗೆ ಬಂದ. ಹೆಂಡತಿಗೆ ಫೋನು ಮಾಡಿ, "ಲೇ, ನಾನು ನಾಯಕ ಆದೆ ಕಣೇ" ಎಂದ. ಬೆಳಗಿನಿಂದ ಟ್ರೇಯಲ್ಲಿ ಕಾಗದ ಬೆಟ್ಟವಾಗಿತ್ತು. ಕೈಯಲ್ಲಿದ್ದ ಹಾಳೆಯನ್ನು ಅದರ ಮೇಲೆ ಹಾಕಿ, ಕಟ್ಟು ಮಗುಚಿ, ಮಾತಾಡುತ್ತಲೇ ಠಪ್, ಠಪ್, ಠಪ್ ಎಂದು ಒತ್ತುತ್ತ ಹೋದ. ಕೊನೆಯದಕ್ಕೆ ನಾನೂರ ಹನ್ನೊಂದು ಬಿತ್ತು. ಎಲ್ಲವೂ ಪ್ರಿನ್ಸಿಪಾಲರ ಮೇಜಿಗೆ ಹೋದವು.

ನಾಲ್ಕೂಕಾಲಿಗೆ ಕರೆ ಬಂತು.

"ಕೂತ್ಕೊಳ್ಳಿ," ಎಂದರು ಪ್ರಿನ್ಸಿಪಾಲರು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವನಿಗೆ ಯಾರೂ ಕೂರಲು ಹೇಳಿರಲಿಲ್ಲ. ಅಲ್ಲೇ ಅವನಿಗೆ ಹೆದರಿಕೆಯಾಯಿತು.

"ಒಂದು ವಾರದಿಂದ ನನಗೆ ನಿದ್ದೆ ಇಲ್ಲ ಕಣ್ರೀ. ಒಬ್ಬರನ್ನ ತೆಗೀರಿ ಅಂತ ಮೇಲಿನವರ ಕಾಗದ. ಯಾರನ್ನ ಅಂತ ತೆಗೀಲಿ? ಎಲ್ಲರೂ ಮಕ್ಕಳೊಂದಿಗರು. ಅಂಥದ್ರಲ್ಲಿ ನೀವು..." ಪ್ರಿನ್ಸಿಪಾಲರ ಕಣ್ಣಲ್ಲಿ ನೀರಿತ್ತು. ಅವರು ನಾನೂರ ಹನ್ನೊಂದನೆಯ ಕಾಗದವನ್ನು ಎತ್ತಿ ಓದಿದರು. "ಒಟ್ಟು ಸದಸ್ಯರು ಹನ್ನೆರಡು. ಉಳಿಯಬಹುದಾದವರು ಹನ್ನೊಂದು. ಇಳಿಯುವವರು, ಟಪಾಲು ಗುಮಾಸ್ತರು. ಕಾರಣ, ಸ್ವಂತ ಇಚ್ಛೆ. ಉಳಿದವರೆಲ್ಲರ ಒಪ್ಪಿಗೆ ಇದೆ. ಎಷ್ಟು ದೊಡ್ಡ ಮನಸ್ಸು ರೀ!"

"ಸಾರ್, ಅದು ದೋಣಿ ಸಾರ್."

"ಏನು?"

"ದೋಣಿ ಆಟ. ಸುಳ್ಳು ದೋಣಿ. ಸೀಮೆಸುಣ್ಣದ್ದು."

ಪ್ರಿನ್ಸಿಪಾಲರು ಕಾಗದವನ್ನು ಮೇಲಿಂದ ಕೆಳಗೆ ಹುಡುಕಿದರು. "ದೋಣಿ ಅನ್ನೋ ಪದವೇ ಇಲ್ಲವಲ್ಲ ಇದರಲ್ಲಿ." ಹಾಳೆ ಮಗುಚಿ ಬೆನ್ನು ನೋಡಿದರು. "ನಂಬರು ಯಾರು ಹಾಕಿದ್ದು?"

"ನಾನೇ."

"ಆಟದ ಕಾಗದಕ್ಕೆ ನಂಬರು ಹಾಕೋ ಪದ್ಧತಿ ಇದೆಯೇನ್ರೀ ನಮ್ಮಲ್ಲಿ?"

ಪ್ರಿನ್ಸಿಪಾಲರು ಕೆಟ್ಟವರಲ್ಲ. ಬಹಳ ಹೊತ್ತು ಮೇಜಿನ ಗಾಜು ಉಜ್ಜಿದರು. "ಒಂದು ಕೆಲಸ ಮಾಡಿ. ಆ ಹನ್ನೊಂದು ಜನರೂ ಇದು ಆಟ ಅಂತ ಬರೆದುಕೊಡಲಿ, ಟೈಪಿಗೆ ಕೊಟ್ಟಿರೋ ನಿಮ್ಮ ಬಿಡುಗಡೆಯ ಆದೇಶ ಹರಿದು ಹಾಕ್ತೀನಿ. ಆದರೆ ಆಗ ಅವರಲ್ಲೇ ಒಬ್ಬರ ಹೆಸರು ನಾನು ಬರೀಬೇಕಾಗುತ್ತೆ. ಅದನ್ನೂ ಅವರಿಗೆ ತಿಳಿಸಿ."

ಇದು ಬರೀ ಆಟವೆಂದು ಒಂದು ಅರ್ಜಿ ಬರೆದು, ಸಹಿಗೆ ಹಿಡಿದುಕೊಂಡು ಹೋಗಿ ಅವನು ಅದನ್ನೂ ತಿಳಿಸಿದ. ಅದೇ ತಪ್ಪಾಯಿತೋ ಏನೋ. ಭೌತಶಾಸ್ತ್ರದ ಮೇಷ್ಟ್ರು ಪೆನ್ನಿನ ಮುಚ್ಚಳ ತೆರೆದವರು ಮಾತು ಕೇಳಿ ಮತ್ತೆ ಹಾಕಿದರು. "ನೀವಾಗೇ ಇಳಿದಿರಿ. ಈಗ ಹತ್ತೋಕೆ ಬಂದ್ರೆ ದೋಣಿ ಅಲ್ಲಾಡುತ್ತೆ ನೋಡಿ." ಇನ್ನೊಬ್ಬರಿಗೆ ಕನ್ನಡಕ ಮನೆಯಲ್ಲಿತ್ತು. ಮತ್ತೊಬ್ಬರು ತರಗತಿಯಲ್ಲಿದ್ದರು, ವಿದ್ಯಾರ್ಥಿಗಳಿರಲಿಲ್ಲ. ಅಕ್ಕ ಟೈಪು ಮಾಡುತ್ತ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವಳು ಟೈಪು ಮಾಡುತ್ತಿದ್ದದ್ದು ಅವನ ಬಿಡುಗಡೆಯ ಆದೇಶವನ್ನೇ.

"ನನ್ನನ್ನ ಕ್ಷಮಿಸಿಬಿಡಿ ಠಪ್ಪಣ್ಣ," ಎಂದಳು. ಅತ್ತರೂ ಒಂದಕ್ಷರ ತಪ್ಪಿರಲಿಲ್ಲ.

ಸಹಿ ಹಾಕಿದವಳು ಆಯಮ್ಮ ಒಬ್ಬಳೇ. ಬಕೆಟ್ಟು ಕೆಳಗಿಟ್ಟು, ಕೈ ಒರೆಸಿಕೊಂಡು, ಅರ್ಜಿಯ ಕೆಳಗೆ ಮೂರು ಅಕ್ಷರ ಕೂಡಿಸಿ ಬರೆದಳು. "ನಾನು ಆವಾಗ್ಲೇ ಇಳೀತೀನಿ ಅಂದಿರ್ಲಿಲ್ವಾ? ಅಡ್ಡ ಬಂದೋನು ನೀನು," ಎಂದು ಗದರಿದಳು.

ಒಂದು ಸಹಿಯ ಅರ್ಜಿ ಹಿಡಿದು ಅವನು ಟಪಾಲು ಕೋಣೆಗೆ ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ಆಫೀಸಿನ ಸೂಪರಿಂಟೆಂಡೆಂಟರು ಅವನಿಗಾಗಿಯೇ ಕಾದಿದ್ದರು. ಅವರೂ ಗುಮಾಸ್ತರಾಗಿ ಬಂದವರು. ಅವನಿಗೆ ಮೊಹರು ಹಿಡಿಯಲು ಕಲಿಸಿದವರು. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು.

"ಕೇಳಿಲ್ಲಿ. ನಿನ್ನ ಆದೇಶ ಟ್ರೇಯಲ್ಲಿ ಬಿದ್ದಿದೆ. ಇನ್ನೂ ನಂಬರಾಗಿಲ್ಲ. ನಂಬರಾಗೋವರೆಗೆ ಅದು ಬರೀ ಕಾಗದ, ನೀನು ನಮ್ಮ ನೌಕರ. ನಿನ್ನ ಅರ್ಜಿಗೆ ಮೊದಲು ನಂಬರು ಬಿದ್ರೆ ಅದು ನೌಕರನ ಅರ್ಜಿ. ಅದು ಇತ್ಯರ್ಥ ಆಗೋವರೆಗೆ ಆದೇಶ ಅಲ್ಲಾಡೋ ಹಾಗಿಲ್ಲ. ಇತ್ಯರ್ಥ ಮಾಡೋ ಸಮಿತಿ ಸಭೆ ಸೇರಿ ನಾಲ್ಕು ವರ್ಷ ಆಯ್ತು."

ಠಪ್ಪಣ್ಣ ಟ್ರೇಯ ಹತ್ತಿರ ಸರಿದ. "ಅಂದ್ರೆ..."

"ಅಂದ್ರೆ ಅರ್ಜಿ ಮೊದ್ಲು ಒತ್ತು. ನಾನು ಈ ಕಡೆ ತಿರುಗಿರ್ತೀನಿ. ಬೇಗ!"

ಸೂಪರಿಂಟೆಂಡೆಂಟರು ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿದರು. ಠಪ್ಪಣ್ಣ ಟ್ರೇಯಲ್ಲಿದ್ದ ಆದೇಶದ ಮೇಲೆ ತನ್ನ ಅರ್ಜಿಯನ್ನು ಇಟ್ಟ. ಮೇಲಿನದನ್ನು ಒತ್ತಿದರೆ ಮುಗಿಯಿತು. ಮನೆ ಉಳಿಯುತ್ತದೆ, ಮಗಳ ಓದು ಉಳಿಯುತ್ತದೆ. ಕಣ್ಣು ತುಂಬಿ ಬಂದು ಟ್ರೇ ಮಸುಕಾಯಿತು. ಅವನು ಎರಡೂ ಕೈಯಲ್ಲಿ ಕಟ್ಟನ್ನು ಎತ್ತಿಕೊಂಡ, ಮಲಗಿದ ಮಗುವನ್ನು ಮಗ್ಗುಲು ತಿರುಗಿಸಿದಷ್ಟು ಮೃದುವಾಗಿ.

ಠಪ್.

"ಆಯ್ತಾ?" ಎಂದು ಸೂಪರಿಂಟೆಂಡೆಂಟರು ನಗುತ್ತ ತಿರುಗಿದರು. ಮೇಲಿದ್ದ ಹಾಳೆಯನ್ನು ಎತ್ತಿ ಮುಖ ನೋಡಿದರು. ನಗು ಹಾಗೇ ನಿಂತುಹೋಯಿತು. "ಅಯ್ಯೋ ಪುಣ್ಯಾತ್ಮ, ಮಗುಚಿದೆಯೇನೋ?"

ಠಪ್ಪಣ್ಣ ತನ್ನ ಎರಡು ಕೈಗಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿದ. ಆದೇಶದ ಬೆನ್ನ ಮೇಲೆ ನಾನೂರ ಹನ್ನೆರಡು ಹಸಿಯಾಗಿ ಹೊಳೆಯುತ್ತಿತ್ತು.

"ಅರ್ಜಿಗೂ ಒಂದು ಒತ್ತಿಬಿಡಿ ಸಾರ್," ಎಂದು ಮೊಹರನ್ನು ಅವರತ್ತ ಸರಿಸಿದ. "ನಾನು ಒತ್ತೋ ಹಾಗಿಲ್ಲವಲ್ಲ ಇನ್ನು."

ಸೂಪರಿಂಟೆಂಡೆಂಟರು ಮೊಹರು ಎತ್ತಿದರು. ಗಡಿಯಾರ ನೋಡಿದರು. ಆಮೇಲೆ ಕಿಟಕಿಯ ಪಕ್ಕದ ಹಲಗೆ ನೋಡಿದರು. 'ಹೊರಗಿನವರ ಅರ್ಜಿ' ಎಂಬಲ್ಲಿ ಅವರ ಕಣ್ಣು ನಿಂತಿತು. ಆ ಅಕ್ಷರ ಠಪ್ಪಣ್ಣನದೇ.

ಊಟದ ಡಬ್ಬಿ ಸಭಾಂಗಣದಲ್ಲಿ ಉಳಿದಿತ್ತು. ತರಲು ಹೋದರೆ ಆಯಮ್ಮ ಮೊಣಕಾಲೂರಿ ನೆಲ ಒರೆಸುತ್ತಿದ್ದಳು. ದೋಣಿಯ ಮುಂದಿನ ಅರ್ಧ ಆಗಲೇ ಅಳಿಸಿಹೋಗಿತ್ತು. ಅವನು ಡಬ್ಬಿ ಎತ್ತಿಕೊಂಡು ಗೆರೆಯ ಪಕ್ಕದಲ್ಲಿ ನಿಂತ.

"ಏನಾಯ್ತಪ್ಪ ಅರ್ಜಿ?"

"ನಾಳೆ ನಾಲ್ಕು ಗಂಟೆ ಒಳಗೆ ತರಬೇಕಂತೆ ಆಯಮ್ಮ."

"ತಂದ್ರೆ ತಗೊಳ್ಳೋರು ಯಾರು? ಆ ಕಿಟಕೀಲಿ ಕೂರೋನು ನೀನಲ್ವಾ?"

ಅದು ಅವನಿಗೆ ಹೊಳೆದಿರಲಿಲ್ಲ. ಆಯಮ್ಮ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ ಹತ್ತಿರ ಬಂದಳು.

"ಸ್ವಲ್ಪ ಕಾಲೆತ್ತು, ಇಲ್ಲೊಂದಿಷ್ಟು ಉಳೀತು."

ಅವನು ಒಂದು ಕಾಲು ಎತ್ತಿದ. ಅವಳು ಒರೆಸಿದಳು. ಒದ್ದೆ ನೆಲದ ಮೇಲೆ ಆ ಕಾಲು ಇಡುವುದು ಹೇಗೆಂದು ತಿಳಿಯದೆ, ಡಬ್ಬಿ ಎದೆಗೆ ಅವುಚಿಕೊಂಡು, ನೆಲ ಆರುವವರೆಗೆ ಅವನು ಒಂಟಿ ಕಾಲಿನಲ್ಲೇ ನಿಂತಿದ್ದ.